ಬಾಡಿಗೆ ಬೇಡದ ವೇಷ
(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಶಾಲೆಯ ನೆನಪು’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ಚಿತ್ರಕಲಾ ಶಿಕ್ಷಕ. ಭಾಷಣಕ್ಕಿಂತ ಕತ್ತರಿ, ಅಂಟು, ರಟ್ಟು ನನ್ನ ಕೈಗೆ ಹೆಚ್ಚು ಒಗ್ಗಿದವು. ಆದ್ದರಿಂದ ಒಂದು ಕರಡಿಯ ಮುಖವಾಡದ ಕಥೆ ಹೇಳುತ್ತೇನೆ. ಅದನ್ನು ಮಾಡುವ ಕ್ರಮವನ್ನೂ ಹೇಳುತ್ತೇನೆ. ಕೊನೆಗೆ ನನ್ನದೊಂದು ತಪ್ಪು ಒಪ್ಪಿಕೊಂಡು, ನಿಮ್ಮನ್ನು ಒಂದು ಮಾತು ಕೇಳುತ್ತೇನೆ.

ಅದು 1994-95ನೇ ಸಾಲು. ನಾನು ಒಂಬತ್ತನೇ ತರಗತಿ. ದಾವಣಗೆರೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1997ರಲ್ಲಿ. ನಾವೆಲ್ಲ ಚಿತ್ರದುರ್ಗ ಜಿಲ್ಲೆಯವರು. ಅದಕ್ಕಿಂತ ಸ್ವಲ್ಪ ಮೊದಲು ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಕಾರ್ಟೂನು ಬರುತ್ತಿತ್ತು. ಮೋಗ್ಲಿ, ಬಾಲೂ ಕರಡಿ, ಬಘೀರಾ, ಶೇರ್‌ಖಾನ್. ಊರಿನಲ್ಲಿ ಟಿ.ವಿ. ಇದ್ದ ಮನೆಗಳೇ ಕಡಿಮೆ. ನಾವು ನೋಡುತ್ತಿದ್ದ ಮನೆಯ ಪಡಸಾಲೆಯಲ್ಲಿ ಮೂವತ್ತು ಮಕ್ಕಳು, ಬಾಗಿಲಲ್ಲಿ ಇನ್ನೂ ಹತ್ತು. ಟಿ.ವಿ. ಕಪ್ಪು ಬಿಳುಪಿನದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷದ ವಾರ್ಷಿಕೋತ್ಸವಕ್ಕೆ ಮೋಗ್ಲಿಯ ನಾಟಕ ಆಡುತ್ತೇವೆಂದು ನಾವು ಹಟ ಹಿಡಿದೆವು. ನಮ್ಮ ಡ್ರಾಯಿಂಗ್ ಮೇಷ್ಟ್ರು ಒಪ್ಪಿದರು, ಒಂದು ಷರತ್ತು ಹಾಕಿದರು. “ಯಾರ ಮನೆಯಿಂದಲೂ ಒಂದು ರೂಪಾಯಿ ತರಕೂಡದು. ಮನೇಲಿ ಬಿಸಾಡೋದನ್ನ ತಗೊಂಡು ಬರ್ರಿ.”

ಹಾಗಾಗಿ ನಾವು ಬಿಸಾಡುವುದನ್ನು ಹುಡುಕಲು ಹೊರಟೆವು. ದಾವಣಗೆರೆಯ ಅಂಗಡಿಗಳಿಂದ ರಟ್ಟಿನ ಪೆಟ್ಟಿಗೆ ಬಂತು, ಮಂಡಕ್ಕಿ ಭಟ್ಟಿಯಿಂದ ಹರಿದ ಗೋಣಿಚೀಲ. ಹೊಲದಿಂದ ಮೆಕ್ಕೆಜೋಳದ ತೆನೆಯ ಸಿಪ್ಪೆ. ನಮ್ಮಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1941ರಲ್ಲಿ ಶುರುವಾದ, ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆ ಅದು; ಈಗ ಮುಚ್ಚಿದೆ. ಅಲ್ಲಿ ಪ್ಯಾಕಿಂಗಿಗೆ ಬಳಸಿ ಉಳಿದ ದಪ್ಪ ಕಂದು ಕಾಗದವನ್ನು ಅಪ್ಪ ಕೇಳಿ ತಂದುಕೊಟ್ಟರು. ಜೊತೆಗೆ ಒಂದು ಪಾಠವನ್ನೂ ಕೊಟ್ಟರು. “ಮೊದಲು ಕಾಗದ ಕೆಡಿಸು, ಆಮೇಲೆ ರಟ್ಟು ಕತ್ತರಿಸು” ಅಂದರು. ಅಂದರೆ ಹಳೆ ಪೇಪರಿನಲ್ಲಿ ಅಚ್ಚು ಕತ್ತರಿಸಿ, ವೇಷ ಹಾಕುವ ಹುಡುಗನ ಮೈಮೇಲೇ ಇಟ್ಟು ನೋಡಿ, ಸರಿಯಾದ ಮೇಲೆ ರಟ್ಟಿಗೆ ಕೈ ಹಾಕಬೇಕು. ಇವತ್ತಿಗೂ ನನ್ನ ತರಗತಿಯಲ್ಲಿ ಮೊದಲ ಪಾಠ ಇದೇ.

ಈಗ ಕರಡಿಯ ಮುಖ ಮಾಡಿದ ಕ್ರಮ ಕೇಳಿ. ಒಂದು ಅಳತೆ ಮೈದಾ, ನಾಲ್ಕೈದು ಅಳತೆ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯ ಹಾಗೆ ಹೊಳಪು ಬರುವ ತನಕ ಕಾಯಿಸುವುದು. ಹುಳ ಬೀಳದಿರಲೆಂದು ಹಿಂದಿನವರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಆಯಾ ದಿನಕ್ಕೆ ಬೇಕಾದಷ್ಟೇ ಅಂಟು ಮಾಡಿಕೊಂಡರೆ ಸಾಕು. ಒಂದು ಗಡಿಗೆಯನ್ನು ಬೋರಲು ಹಾಕಿ, ಅದರ ಅರ್ಧಭಾಗಕ್ಕೆ ಮೊದಲ ಪದರವನ್ನು ಬರೀ ನೀರಿನಲ್ಲಿ ನೆನೆಸಿದ ಪೇಪರಿನಿಂದ ಹಚ್ಚಬೇಕು. ಅಂಟು ಹಚ್ಚಿದರೆ ಮುಖವಾಡ ಗಡಿಗೆ ಬಿಟ್ಟು ಬರುವುದಿಲ್ಲ. ಅದರ ಮೇಲೆ ಅಂಟಿನ ಪದರಗಳು: ಒಂದು ಸಲ ಪತ್ರಿಕೆಯ ಕಾಗದ, ಒಂದು ಸಲ ಕಂದು ಕಾಗದ. ಬಣ್ಣ ಬೇರೆಯಾದ್ದರಿಂದ ಎಲ್ಲಿ ಪದರ ಬಿಟ್ಟುಹೋಗಿದೆ ಎಂದು ಕಣ್ಣಿಗೆ ಕಾಣುತ್ತದೆ. ಇಂಥವು ಆರು. ದಿನಕ್ಕೆ ಎರಡೇ ಪದರ, ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ನಮ್ಮ ಮೊದಲನೇ ಕರಡಿಗೆ ಹಾಗೇ ಆಗಿ, ಪಾರ್ಶ್ವವಾಯು ಬಡಿದ ಮುಖವಾಯಿತು.

ಕಣ್ಣಿನ ತೂತು ಎಲ್ಲಿ ಮಾಡುವುದು? ನಾವು ಕರಡಿಯ ಕಣ್ಣಿನಲ್ಲೇ ಮಾಡಹೊರಟಿದ್ದೆವು. ಮೇಷ್ಟ್ರು ತಡೆದರು. ಕಾರ್ಟೂನಿನ ಕಣ್ಣು ದೊಡ್ಡದಿರಬೇಕು, ದುಂಡಗಿರಬೇಕು, ಅದನ್ನು ಬಣ್ಣದಲ್ಲಿ ಬರೆಯಬೇಕು. ಹುಡುಗ ನೋಡುವುದು ಕರಡಿಯ ತೆರೆದ ಬಾಯಿಯಿಂದ. ಉಸಿರಿಗೂ ಮಾತಿಗೂ ಅದೇ ದಾರಿ. ಮುಖವಾಡ ಹಣೆಯ ಮೇಲೆ ಎತ್ತರವಾಗಿ ಕೂತಾಗ ಒಂಬತ್ತನೇ ತರಗತಿಯ ಸಣಕಲ ಹುಡುಗ ಆರಡಿಯ ಕರಡಿಯಾದ.

ಇನ್ನು ಬಣ್ಣ. ಬಾಲೂ ಯಾವ ಬಣ್ಣ? ಯಾರಿಗೂ ಗೊತ್ತಿಲ್ಲ! ನಾವು ನೋಡಿದ್ದೇ ಕಪ್ಪು ಬಿಳುಪು. ಜಗಳವಾಯಿತು. ಆಗ ಮೇಷ್ಟ್ರು, “ನಮ್ಮ ಕಡೆ ಕರಡಿ ಯಾವ ಬಣ್ಣ?” ಎಂದು ಕೇಳಿದರು. ಕರಡಿ ಆಡಿಸುವವರು ಊರಿಗೆ ಬರುತ್ತಿದ್ದ ಕಾಲ ಅದು, ಎಲ್ಲರಿಗೂ ಗೊತ್ತಿತ್ತು: ಮೈಯೆಲ್ಲ ಕಪ್ಪು, ಎದೆಯ ಮೇಲೆ ಬಿಳಿ ಪಟ್ಟೆ. ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ ಕರಡಿಧಾಮವಾದದ್ದೂ ಅದೇ 1994ರಲ್ಲಿ. ಸರಿ, ಮೆಕ್ಕೆಜೋಳದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ, ಬಟ್ಟೆಗೆ ಹಾಕುವ ಕಪ್ಪು ಬಣ್ಣದಲ್ಲಿ ಅದ್ದಿ, ಗೋಣಿಚೀಲದ ಮೇಲೆ ದಬ್ಬಳದಿಂದ ಹೊಲಿದೆವು. ಹೆಂಚು ಹೊದಿಸಿದ ಹಾಗೆ, ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಆಮೇಲೆ. ಎದೆಯ ಪಟ್ಟೆಗೆ ಮಾತ್ರ ಬಣ್ಣ ಹಾಕದ ಸಿಪ್ಪೆ. ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಬರೆದ, ಜಪಾನಿನವರು ಚಿತ್ರ ಬಿಡಿಸಿದ, ಹಿಂದಿ ಮಾತಾಡುತ್ತಿದ್ದ ಕರಡಿ ಹೀಗೆ ನಮ್ಮ ಸೀಮೆಯ ಕರಡಿಯಾಯಿತು. ನಡೆದರೆ ಸರಸರ ಸದ್ದು. ಸಿಪ್ಪೆಗೆ ಬೆಂಕಿ ತಗುಲೀತೆಂದು ಮೇಷ್ಟ್ರು ಪೆಟ್ರೋಮ್ಯಾಕ್ಸನ್ನು ದೂರ ಇಡಿಸಿ, ಪರದೆಯ ಪಕ್ಕ ಎರಡು ಬಕೆಟ್ ನೀರು ಇಟ್ಟುಕೊಂಡೇ ನಿಂತಿದ್ದರು.

ಎಲ್ಲಾ ಮುಗಿದ ಮೇಲೆ ಒಂದು ಪರೀಕ್ಷೆ ಇತ್ತು. ಮುಖವಾಡವನ್ನು ಜಗಲಿಯ ಮೇಲೆ ಇಟ್ಟು, ನಮ್ಮನ್ನು ಧ್ವಜಕಂಬದ ಹತ್ತಿರ ನಿಲ್ಲಿಸಿ, “ಏನು ಕಾಣ್ತದೆ?” ಎಂದು ಕೇಳುತ್ತಿದ್ದರು. ನಾವು ಕಷ್ಟಪಟ್ಟು ಬರೆದ ಸಣ್ಣ ಸಣ್ಣ ಗೆರೆಗಳು ಒಂದೂ ಕಾಣುತ್ತಿರಲಿಲ್ಲ. ಅವರು ಅವನ್ನೆಲ್ಲ ಅಳಿಸಿ, ಕಣ್ಣಿನ ಸುತ್ತ, ಮೂಗಿನ ಸುತ್ತ ಬೆರಳು ದಪ್ಪದ ಕಪ್ಪು ಗೆರೆ ಎಳೆದರು. ಅಷ್ಟೇ. ಧ್ವಜಕಂಬದಿಂದ ಕರಡಿ ನಮ್ಮನ್ನೇ ನೋಡಿತು.

ಹಳೆಯ ಕಾರ್ಟೂನುಗಳ ಗುಟ್ಟು ಇದೇ ಎಂದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. 1928ರಲ್ಲಿ ಮಿಕ್ಕಿ ಮೌಸ್ ತೆರೆಗೆ ಬಂದಾಗ ಅದರ ಕೈಗೆ ಗವಸು ಇರಲಿಲ್ಲ. ಕಪ್ಪು ಬಿಳುಪಿನ ಚಿತ್ರದಲ್ಲಿ ಕಪ್ಪು ಮೈಯ ಮುಂದೆ ಕಪ್ಪು ಕೈ ಬಂದರೆ ಕಾಣುವುದೇ ಇಲ್ಲ. ಮರುವರ್ಷ ಬಿಳಿ ಗವಸು ಹಾಕಿದರು. ಬೆರಳು ನಾಲ್ಕೇ ಬರೆದರು, ಬಿಡಿಸುವ ಕೆಲಸ ಕಡಿಮೆಯಾಗಲೆಂದು. ಅಂದದ ಹಿಂದೆ ಅವಶ್ಯಕತೆ ಇತ್ತು. ನಮ್ಮ ಬಯಲಾಟದವರದೂ ಇದೇ ಲೆಕ್ಕವಲ್ಲವೇ? ಆ ಅಗಲವಾದ ಭುಜಕೀರ್ತಿ, ಎತ್ತರದ ಕಿರೀಟ, ಬೇಗಡೆಯ ಹೊಳಪು, ಮುಖಕ್ಕೆ ಬಳಿದ ಗಾಢ ಬಣ್ಣ, ಎಲ್ಲವೂ ಕಣದ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತ ಅಜ್ಜನಿಗೆ ಕಾಣಲೆಂದು ಆದದ್ದು. ಚಿಂದೋಡಿ ವೀರಪ್ಪನವರ, ಮುಂದೆ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಸಾಕಿದ ಊರು ದಾವಣಗೆರೆ. ವೇಷ ಕಟ್ಟುವುದು ನಮ್ಮ ನೆಲಕ್ಕೆ ಹೊಸದಲ್ಲ.

ನಾಟಕದ ರಾತ್ರಿ ಏನಾಯಿತೆಂದು ಇಲ್ಲಿರುವ ಕೆಲವರಿಗೆ ನೆನಪಿರಬಹುದು. ಮೋಗ್ಲಿಯ ಕೈಯಲ್ಲಿ ಬೂಮರಾಂಗ್ ಇತ್ತು. ಮೂರು ಪದರ ರಟ್ಟು, ಪದರದ ಗೆರೆಗಳು ಒಂದಕ್ಕೊಂದು ಅಡ್ಡವಾಗಿ ಬರುವಂತೆ ಅಂಟಿಸಿದ್ದು. ಹಾಗೆ ಮಾಡಿದರೆ ಬಾಗುವುದಿಲ್ಲ. ಆದರೆ ನಮ್ಮ ಬೂಮರಾಂಗ್ ಎಸೆದರೆ ಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ. ಅದಕ್ಕೆ ಅಂಥದೇ ಇನ್ನೊಂದನ್ನು ಹಿಡಿದು ಪರದೆಯ ಹಿಂದೆ ನಾನು ನಿಂತಿದ್ದೆ. ಅವನು ಎಸೆದ ಮೇಲೆ ಎರಡೆಣಿಸಿ ನಾನು ಎಸೆಯಬೇಕು. ಜನರ ಚಪ್ಪಾಳೆಗೆ ಗಾಬರಿಯಾಗಿ ನಾನು ಎಣಿಸಲೇ ಇಲ್ಲ. ಎರಡೂ ಬೂಮರಾಂಗ್ ನಡು ವೇದಿಕೆಯಲ್ಲಿ ಡಿಕ್ಕಿ ಹೊಡೆದು ಶೇರ್‌ಖಾನನ ತಲೆಯ ಮೇಲೆ ಬಿದ್ದವು. ಊರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಕರಡಿಯಾದವನು ಯಾರೆಂದು ಹೆಸರು ಹೇಳುವುದಿಲ್ಲ. ಅವನಿಗೆ ಇದ್ದದ್ದು ಒಂದೇ ಅಂಗಿ, ಬೆನ್ನ ಮೇಲೆ ಹರಿದಿತ್ತು. ಅದಕ್ಕೇ ಅವನು ಬೋರ್ಡಿನ ಹತ್ತಿರ ಹೋಗಲು ಹಿಂಜರಿಯುತ್ತಿದ್ದ. ಆ ರಾತ್ರಿ ಅರ್ಧ ಗಂಟೆ ಇಡೀ ಊರಿನ ಮುಂದೆ ಕುಣಿದ. ಒಳಗಿನ ಅಂಗಿ ಹರಿದಿದೆಯೋ ಇಲ್ಲವೋ ಯಾರಿಗೂ ಕಾಣಲಿಲ್ಲ. ಮೇಷ್ಟ್ರ ಷರತ್ತಿನ ಅರ್ಥ ನಮಗೆ ಆಗ ಆಗಲಿಲ್ಲ.

ಈಗ ನನ್ನ ತಪ್ಪು. 2013ರಲ್ಲಿ ನಾನು ದಾವಣಗೆರೆಯ ಒಂದು ಶಾಲೆಯಲ್ಲಿದ್ದೆ. ವಾರ್ಷಿಕೋತ್ಸವದ ನೃತ್ಯಕ್ಕೆ ಬಾಡಿಗೆ ಅಂಗಡಿಯಿಂದ ವೇಷ ತರುವುದೆಂದು ನಾನೇ ಹೇಳಿದೆ. ತಲೆಗೆ 250 ರೂಪಾಯಿ. ಹೊಳೆಯುವ ಬಟ್ಟೆ, ಸಿದ್ಧ ಮುಖವಾಡ, ನನಗೂ ಕೆಲಸ ಹಗುರ. ಎಂಟನೇ ತರಗತಿಯ ಒಬ್ಬ ಹುಡುಗಿ, ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದವಳು, ಹಿಂದಿನ ದಿನದಿಂದ ಬರಲಿಲ್ಲ. ಹೊಟ್ಟೆನೋವು ಎಂದು ಹೇಳಿ ಕಳಿಸಿದ್ದಳು. ನಾನು ಅವಳ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸಿದೆ. ಕಾರ್ಯಕ್ರಮ ಚೆನ್ನಾಗಿಯೇ ಆಯಿತು.

ವಾರ ಕಳೆದು ಅವಳು ಬಂದಾಗ, “ಹೊಟ್ಟೆನೋವು ಕಡಿಮೆ ಆಯ್ತೇನಮ್ಮಾ?” ಎಂದೆ. ಅವಳು ತಲೆ ತಗ್ಗಿಸಿ, “ಹೊಟ್ಟೆನೋವು ಇರಲಿಲ್ಲ ಸಾರ್. ಎರಡು ದಿನದ ಕೂಲಿ ಆಗ್ತದೆ ಅಂದ್ಲು ನಮ್ಮವ್ವ” ಎಂದಳು. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದರು. ನಮ್ಮ ಕರಡಿಗೆ ಗೋಣಿಚೀಲ ಕೊಟ್ಟಂಥದೇ ಭಟ್ಟಿ.

ಆ ದಿನ ಮನೆಗೆ ಹೋಗಿ ನನಗೆ ಊಟ ಸೇರಲಿಲ್ಲ. ಒಂದು ರೂಪಾಯಿ ತರಕೂಡದು ಎಂದ ಗುರುವಿನ ಕೈಯಲ್ಲಿ ಕಲಿತವನು ನಾನು. ಮರುವರ್ಷದಿಂದ ಬಾಡಿಗೆ ನಿಲ್ಲಿಸಿದೆ. ಹಳೆಯ ಕಪ್ಪು ಬಿಳುಪು ಕಾರ್ಟೂನಿನ ಮಾದರಿಯಲ್ಲಿ ಒಂದು ನೃತ್ಯ ಮಾಡಿದೆವು: ರಟ್ಟಿನ ದೊಡ್ಡ ಬೂಟು, ಹಳೇ ಕಾಲುಚೀಲಕ್ಕೆ ಹತ್ತಿ ತುಂಬಿದ ಬಿಳಿ ಗವಸು, ಹೋಳು ತೆಗೆದ ಹೋಳಿಗೆಯಂಥ ಕಣ್ಣು. ಬಣ್ಣ ಎರಡೇ, ಖರ್ಚೂ ಕಡಿಮೆ. ಆ ಹುಡುಗಿಯೇ ಎಲ್ಲರ ತಲೆಯ ಅಳತೆ ತೆಗೆದು ಪುಸ್ತಕದಲ್ಲಿ ಬರೆದಳು. ಮೊದಲ ಸಾಲಿನಲ್ಲಿ ಕುಣಿದಳು. ಆದರೆ ಹಿಂದಿನ ವರ್ಷ ತಪ್ಪಿಹೋದ ಆ ಒಂದು ಸಂಜೆಯನ್ನು ನಾನು ಅವಳಿಗೆ ಹಿಂದಿರುಗಿಸಲಾರೆ.

ಬಾಡಿಗೆ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ಕೊಡಬಲ್ಲವರು ತರಲಿ. ಆದರೆ ಪ್ರತಿಭಾ ಕಾರಂಜಿಯ ಛದ್ಮವೇಷವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಸರ್ಕಾರಿ ಶಾಲೆಯ ವೇದಿಕೆ ಹತ್ತಲು ಮಗುವಿಗೆ ದುಡ್ಡು ಬೇಕಾಗಬಾರದು. ಹೊಟ್ಟೆನೋವು ಎನ್ನುವ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಶಿಕ್ಷಕ ಬಂಧುಗಳೇ, ದಯವಿಟ್ಟು ಒಮ್ಮೆ ಕರೆದು ಕೇಳಿ. ನಾನು ಕೇಳಿದ್ದು ಒಂದು ವಾರ ತಡವಾಗಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಈ ಶಾಲೆಗೆ ಬೀಗ ಇರುವ ಒಂದು ಬೀರು ಕೊಡೋಣ. ಅದರಲ್ಲಿ ಹತ್ತು ಕತ್ತರಿ, ದಬ್ಬಳ, ದಾರ, ಕುಂಚ, ಬಣ್ಣದ ಡಬ್ಬಿ ಇರಲಿ. ರಟ್ಟು, ಪೇಪರು, ಸಿಪ್ಪೆ ಊರಿನವರು ಕೊಡುತ್ತಾರೆ. ವರ್ಷಕ್ಕೆ ನಾಲ್ಕು ಶನಿವಾರ ಮಧ್ಯಾಹ್ನ ನಾನು ಬರುತ್ತೇನೆ. ಹೊಲಿಗೆ ಬಲ್ಲ ತಾಯಂದಿರು, ಬಡಗಿ ಕೆಲಸ ಬಲ್ಲ ಅಣ್ಣಂದಿರು ಜೊತೆಗೆ ಬನ್ನಿ. ಮಾಡಿದ ವೇಷ ಶಾಲೆಯದಾಗಿ ಉಳಿಯಲಿ, ಮುಂದಿನ ವರ್ಷದ ಮಕ್ಕಳು ಅದನ್ನು ಸರಿಮಾಡಿ ತೊಡಲಿ.

ನಮ್ಮ ಕರಡಿಯ ಮುಖವಾಡ ಬಹಳ ವರ್ಷ ವಿಜ್ಞಾನದ ಕೋಣೆಯ ಬೀರುವಿನ ಮೇಲಿತ್ತು. ಕೊನೆಗೆ ಮೈದಾ ಅಂಟಿನ ರುಚಿ ಕಂಡ ಇಲಿಗಳು ಅದನ್ನು ಮುಗಿಸಿದವು ಎಂದು ಕೇಳಿದೆ. ಆದರೆ ಬೂಮರಾಂಗ್ ಒಂದು ನನ್ನ ಬಳಿ ಉಳಿದಿದೆ. ಇಗೋ, ತಂದಿದ್ದೇನೆ. ಇದನ್ನು ಇವತ್ತು ಹೊಸ ಬೀರುವಿಗೆ ಮೊದಲ ಸಾಮಾನಾಗಿ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಬೀರು ಇನ್ನೂ ಬಂದಿಲ್ಲ, ಅದು ನಿಮ್ಮ ಮೇಲಿದೆ.