ಸ್ವಲೀನ ಮಕ್ಕಳ ಲಾಲನೆಯಲ್ಲಿ ಅಂಗಮರ್ದನವೂ ತಾಯಿತಂದೆಗಳ ಶಿಕ್ಷಣವೂ

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತಾಯಿತಂದೆಗಳನ್ನು ಉದ್ದೇಶಿಸಿದ ಉಪನ್ಯಾಸ)



ಕೂಸಿನ ಮೈಯನ್ನು ಎಣ್ಣೆಯಿಂದ ತೀಡಿ ನೀರೆರೆಯುವುದು ಮಲೆನಾಡಿಗೆ ಹೊಸ ವಿದ್ಯೆಯಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ, ಬಾಣಂತನಕ್ಕೆ ಬಂದ ಹಿರಿಯಳು ಬಚ್ಚಲುಮನೆಯಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತೀಡಿ, ಹಂಡೆಯ ಬಿಸಿನೀರನ್ನು ಹದಮಾಡಿ ಎರೆಯುವುದನ್ನು ಕಾಣದವರು ವಿರಳ. ಆದರೆ ಅದೇ ಕೂಸು ಎರಡು ಮೂರು ವರ್ಷದ್ದಾದ ಮೇಲೆ ತಾಯಿಯ ಮುಖವನ್ನು ನೋಡದೆ, ಹೆಸರು ಹಿಡಿದು ಕರೆದರೂ ತಿರುಗದೆ, ಮುಟ್ಟಿದೊಡನೆ ಬೆಂಕಿ ತಗುಲಿದಂತೆ ಚೀರಿ ದೂರ ಸರಿಯುವುದಾದರೆ, ಆ ತಾಯಿ ಮಾಡತಕ್ಕದ್ದೇನು? ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ? ಬಲವಂತವಾಗಿ ಅಪ್ಪಿಕೊಳ್ಳಬೇಕೇ? ಈ ಎರಡಕ್ಕೂ ನಡುವೆ ಒಂದು ಮಾರ್ಗವುಂಟು. ಅದನ್ನು ತಾಯಿತಂದೆಗಳು ಕಲಿಯಬಹುದು ಎಂಬುದೇ ಪ್ರಕೃತ ಉಪನ್ಯಾಸದ ವಿಷಯ.

ಇಂತಹ ಮಕ್ಕಳ ಸ್ಥಿತಿಗೆ ವೈದ್ಯರು ಆಟಿಸಂ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಸ್ವಲೀನತೆ ಎಂಬ ಪದವು ಬಳಕೆಗೆ ಬಂದಿದೆ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇದು ಪ್ರತ್ಯೇಕವಾದೊಂದು ಸ್ಥಿತಿಯೆಂದು ಲೋಕಕ್ಕೆ ತಿಳಿಸಿದರು. ಮರುವರ್ಷವೇ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ಇದಕ್ಕೆ ಸಮೀಪವಾದ ಲಕ್ಷಣಗಳನ್ನು ವರ್ಣಿಸಿದರು. ಇದು ಜ್ವರದಂತೆ ಬಂದು ಹೋಗುವ ವ್ಯಾಧಿಯಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದ. ಒಂದು ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರದಿರುವುದು, ಬಂದ ಮಾತು ಹಿಂದಕ್ಕೆ ಹೋಗುವುದು, ಒಂದೇ ಆಟವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಆಡುವುದು, ಇವು ಕಂಡಲ್ಲಿ ವೈದ್ಯರ ಬಳಿಗೆ ಹೋಗುವುದಕ್ಕೆ ವಿಳಂಬಿಸಬಾರದು.

ಮಗು ಹೀಗಾದಾಗ ಮೊದಲು ಅಪವಾದಕ್ಕೆ ಗುರಿಯಾಗುವವಳು ತಾಯಿ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ದೃಷ್ಟಿ ತಗುಲಿತು, ಅವಳ ಕಾಲ್ಗುಣವೇ ಸರಿಯಿಲ್ಲ ಎಂದು ನೆರೆಹೊರೆಯವರು ಆಡಿಕೊಳ್ಳುವರು. ಇದು ಹಳ್ಳಿಯವರ ಅಜ್ಞಾನ ಮಾತ್ರವೆಂದು ತಿಳಿಯಬಾರದು. ಪಾಶ್ಚಾತ್ಯ ದೇಶಗಳಲ್ಲಿ ವಿದ್ವಾಂಸರೆನಿಸಿಕೊಂಡವರೇ, ತಾಯಿಯ ವಾತ್ಸಲ್ಯವು ತಣ್ಣಗಿರುವುದೇ ಈ ಸ್ಥಿತಿಗೆ ಕಾರಣವೆಂದು ಬಹುಕಾಲ ಸಾಧಿಸಿದರು. ೧೯೬೪ರಲ್ಲಿ, ತಾವೂ ಅಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಗ್ರಂಥವನ್ನು ಬರೆದು, ಕಾರಣವು ಮಿದುಳಿನಲ್ಲಿರುವುದೇ ಹೊರತು ತಾಯಿಯ ಹೃದಯದಲ್ಲಲ್ಲವೆಂದು ವಾದಿಸಿದರು. ಹಾಗಿದ್ದರೂ ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರ ಪುಸ್ತಕವು ಹಳೆಯ ಅಪವಾದವನ್ನೇ ಇನ್ನಷ್ಟು ಹರಡಿತು. ಇಂದು ವೈದ್ಯಲೋಕವು ಆ ಅಪವಾದವನ್ನು ಸಂಪೂರ್ಣವಾಗಿ ತಳ್ಳಿಹಾಕಿದೆ. ಆದಕಾರಣ ಅಂಗಮರ್ದನವನ್ನು ಕಲಿಯಲು ಬರುವ ತಾಯಿಯು ತನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂದು ಕಲಿಯತಕ್ಕದ್ದಲ್ಲ. ಅವಳಲ್ಲಿ ತಪ್ಪಿಲ್ಲ.

ಹಾಗಾದರೆ ಮಗು ತಾಯಿಯ ಸ್ಪರ್ಶವನ್ನು ಏಕೆ ಸಹಿಸುವುದಿಲ್ಲ? ಸ್ವಲೀನ ಮಕ್ಕಳಲ್ಲಿ ಹಲವರ ಇಂದ್ರಿಯಗಳು ಪ್ರಪಂಚವನ್ನು ಬೇರೊಂದು ಪ್ರಮಾಣದಲ್ಲಿ ಗ್ರಹಿಸುವುವು. ಅಂಗಿಯ ಕತ್ತಿನ ಪಟ್ಟಿ, ಕ್ಷೌರದ ಕತ್ತರಿ, ಉಗುರು ತೆಗೆಯುವುದು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು, ಇವು ಒಬ್ಬರಿಗೆ ಲಕ್ಷ್ಯಕ್ಕೇ ಬಾರದಿದ್ದರೆ ಮತ್ತೊಬ್ಬರಿಗೆ ಅಸಹ್ಯವಾದ ನೋವಾಗಬಹುದು. ಇನ್ನು ಕೆಲವು ಮಕ್ಕಳು ಬಿದ್ದು ಮಂಡಿ ಒಡೆದರೂ ಅಳುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ತನ್ನ ರೋಗನಿರ್ಣಯ ಗ್ರಂಥವನ್ನು ಪರಿಷ್ಕರಿಸಿದಾಗ, ಇಂದ್ರಿಯಗಳ ಈ ಏರುಪೇರನ್ನು ಸ್ವಲೀನತೆಯ ಲಕ್ಷಣಗಳಲ್ಲಿ ಸೇರಿಸಿತು. ಮೃದುವಾಗಿ ಸವರಿದರೆ ಕಿರಿಚುವ ಮಗುವು, ಅಂಗೈಯನ್ನು ಪೂರ್ತಿಯಾಗಿ ಇಟ್ಟು ಸ್ಥಿರವಾಗಿ ಒತ್ತಿದರೆ ಶಾಂತವಾಗುವುದುಂಟು. ಮಗುವು ತಿರಸ್ಕರಿಸುತ್ತಿರುವುದು ತಾಯಿಯನ್ನಲ್ಲ, ಒಂದು ಬಗೆಯ ಸ್ಪರ್ಶವನ್ನು ಮಾತ್ರ. ಇಷ್ಟನ್ನು ತಿಳಿದ ತಾಯಿಯ ಮನಸ್ಸಿನ ಅರ್ಧ ಭಾರವು ಅಲ್ಲಿಯೇ ಇಳಿಯುವುದು.

ಇನ್ನು ಅಂಗಮರ್ದನದ ಚರಿತ್ರೆ. ಭರತಖಂಡದ ಆಯುರ್ವೇದದಲ್ಲಿ ಅಭ್ಯಂಗಕ್ಕೆ ದೊಡ್ಡ ಸ್ಥಾನವಿದೆ. ಆಯುರ್ವೇದ ಕಾಲೇಜನ್ನು ಹೊಂದಿರುವ ಕೊಪ್ಪದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ವಾಗ್ಭಟನು ದಿನಚರ್ಯೆಯನ್ನು ಹೇಳುವಲ್ಲಿ ನಿತ್ಯವೂ ಅಭ್ಯಂಗವನ್ನು ಮಾಡಬೇಕೆಂದು ವಿಧಿಸಿ, ಕಫ ಹೆಚ್ಚಿದವರಿಗೂ ಅಜೀರ್ಣವುಳ್ಳವರಿಗೂ ಅದು ಸಲ್ಲದೆಂದು ಎಲ್ಲೆಯನ್ನೂ ಹಾಕಿರುವನು. ಇಲ್ಲಿನ ತಾಯಂದಿರ ಈ ವಿದ್ಯೆಯು ಪರದೇಶಕ್ಕೂ ಹೋಯಿತು. ಫ್ರಾನ್ಸ್ ದೇಶದ ಪ್ರಸೂತಿವೈದ್ಯರಾದ ಫ್ರೆಡರಿಕ್ ಲೆಬೊಯೆ ಎಂಬವರು ಕಲ್ಕತ್ತೆಯಲ್ಲಿ ಒಬ್ಬ ತರುಣ ತಾಯಿಯು ಕೂಸಿಗೆ ಎಣ್ಣೆ ತೀಡುತ್ತಿದ್ದುದನ್ನು ಕಂಡು ಮುಗ್ಧರಾಗಿ, ೧೯೭೬ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಆಕೆಯ ಹೆಸರನ್ನೇ ಇಟ್ಟರು. ಆ ಹೆಸರು ಶಾಂತಲಾ. ಹೊಯ್ಸಳ ನಾಡಿನವರಿಗೆ ಚಿರಪರಿಚಿತವಾದ ಈ ಹೆಸರಿನಿಂದಲೇ ಇಂದಿಗೂ ಅನ್ಯದೇಶಗಳಲ್ಲಿ ಕೂಸುಗಳ ಅಂಗಮರ್ದನವನ್ನು ಕರೆಯುವವರಿದ್ದಾರೆ.

ಈ ವಿದ್ಯೆಯನ್ನು ಸ್ವಲೀನ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದವರೂ ಉಂಟು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಟಿಫನಿ ಫೀಲ್ಡ್ ಎಂಬ ವಿದುಷಿಯು ೧೯೯೨ರಲ್ಲಿ ಸ್ಪರ್ಶವನ್ನು ಕುರಿತೇ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದರು. ೨೦೦೧ರಲ್ಲಿ ಅಲ್ಲಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂರರಿಂದ ಆರು ವರ್ಷದ ೨೦ ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡದ ತಾಯಿತಂದೆಗಳು ಪ್ರತಿರಾತ್ರಿ ಮಲಗುವ ಮುನ್ನ ೧೫ ನಿಮಿಷ ಅಂಗಮರ್ದನ ಮಾಡುವಂತೆಯೂ, ಮತ್ತೊಂದು ಪಂಗಡದವರು ಅಷ್ಟೇ ಹೊತ್ತು ಕಥೆ ಓದುವಂತೆಯೂ ಏರ್ಪಡಿಸಿದರು. ಒಂದು ತಿಂಗಳ ಮೇಲೆ ಅಂಗಮರ್ದನ ಪಡೆದ ಮಕ್ಕಳ ನಿದ್ರೆಯಲ್ಲಿಯೂ ಶಾಲೆಯಲ್ಲಿನ ಗಮನದಲ್ಲಿಯೂ ಹೆಚ್ಚಿನ ಸುಧಾರಣೆ ಕಂಡುಬಂದಿತು. ಆರಿಗನ್ ಪ್ರಾಂತ್ಯದ ಲೂಯಿಸಾ ಸಿಲ್ವಾ ಎಂಬ ವೈದ್ಯೆಯು ಚೀನದೇಶದ ಚೀಗಾಂಗ್ ಪದ್ಧತಿಯಿಂದ ಹನ್ನೆರಡು ಹಸ್ತಕ್ರಮಗಳನ್ನು ಅಳವಡಿಸಿ, ದಿನಕ್ಕೆ ೧೫ ನಿಮಿಷದಂತೆ ಐದು ತಿಂಗಳು ನಡೆಸುವ ವಿಧಾನವನ್ನು ತಾಯಿತಂದೆಗಳಿಗೆ ಕಲಿಸಿದರು. ೨೦೧೫ರಲ್ಲಿ ಅವರು ೧೦೩ ಮಕ್ಕಳ ವಿಷಯವಾಗಿ ಪ್ರಕಟಿಸಿದ ವರದಿಯೂ ಅನುಕೂಲವಾಗಿಯೇ ಇತ್ತು.

ಆದರೆ ಸತ್ಯದ ಮತ್ತೊಂದು ಮಗ್ಗುಲನ್ನೂ ಹೇಳದಿದ್ದರೆ ಕೇಳಲು ಬಂದವರಿಗೆ ವಂಚನೆ ಮಾಡಿದಂತಾದೀತು. ೨೦೧೧ರಲ್ಲಿ ಕೊರಿಯಾ ಮತ್ತು ಇಂಗ್ಲೆಂಡಿನ ವಿದ್ವಾಂಸರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದಾಗ, ಲೆಕ್ಕಕ್ಕೆ ಸಿಕ್ಕಿದವು ಆರು ಮಾತ್ರ. ಅವುಗಳಲ್ಲಿಯೂ ಪಕ್ಷಪಾತಕ್ಕೆ ಅವಕಾಶ ಹೆಚ್ಚಾಗಿತ್ತು. ಮಕ್ಕಳನ್ನು ಅಳೆದು ಹೇಳಿದವರಲ್ಲಿ ಅನೇಕರು, ಮರ್ದನ ಮಾಡಿದ ತಾಯಿತಂದೆಗಳೇ. ಶ್ರಮಪಟ್ಟವರ ಕಣ್ಣಿಗೆ ಫಲವು ಬೇಗ ಕಾಣುವುದು ಸಹಜ. ಆದುದರಿಂದ ಅಂಗಮರ್ದನವು ಸ್ವಲೀನತೆಯನ್ನು ಹೋಗಲಾಡಿಸುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಅಷ್ಟು ದಿನಕ್ಕೆ ಇಷ್ಟು ಹಣವೆಂದು ಗುಣಪಡಿಸುವ ಕರಾರು ಮಾಡುವವನಿಗೆ ಅಡಿಕೆ ಮಾರಿದ ಹಣವನ್ನು ಒಪ್ಪಿಸತಕ್ಕದ್ದಲ್ಲ.

ಹಾಗಿದ್ದಮೇಲೆ ಇದನ್ನು ಕಲಿಯುವುದೇಕೆ ಎಂದು ಕೇಳಬಹುದು. ಮಗುವಿಗೆ ನಿದ್ರೆ ಬಂದರೆ ಮನೆಗೆಲ್ಲ ನಿದ್ರೆ ಬರುವುದು, ಇದು ಅಲ್ಪಲಾಭವಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ದಿನವೂ ಕಾಲು ಗಂಟೆ ಮಗುವಿನ ಮೈಯನ್ನು ಲಕ್ಷ್ಯವಿಟ್ಟು ಮುಟ್ಟುವವರು ಮಾತಿಲ್ಲದ ಮಗುವಿನ ಭಾಷೆಯನ್ನು ಕಲಿಯುವರು. ಎಲ್ಲಿ ಉಸಿರು ಬಿಗಿಯುವುದು, ಎಲ್ಲಿ ಹೆಗಲು ಸಡಿಲುವುದು, ಯಾವಾಗ ಸಾಕೆಂದು ಮುಖ ತಿರುಗುವುದು, ಯಾವಾಗ ಇನ್ನೂ ಬೇಕೆಂದು ಕಾಲು ಮುಂದೆ ಚಾಚುವುದು, ಇವೆಲ್ಲವೂ ಆ ಭಾಷೆಯ ಅಕ್ಷರಗಳು. ಅದನ್ನು ಓದಬಲ್ಲ ತಾಯಿಯೇ ಮುಂದೆ ಮಾತು ಕಲಿಸುವವರಿಗೂ ಶಾಲೆಯ ಉಪಾಧ್ಯಾಯರಿಗೂ ಮಾರ್ಗದರ್ಶಕಳಾಗುವಳು. ಅಂಗಮರ್ದನದಲ್ಲಿ ಮೊದಲು ಶಿಕ್ಷಣ ಪಡೆಯುವುದು ಮಗುವಲ್ಲ, ಹಿರಿಯರ ಕೈ.

ಕ್ರಮವು ಹೀಗೆ. ಪ್ರತಿದಿನವೂ ಒಂದೇ ಹೊತ್ತು, ಒಂದೇ ಸ್ಥಳ, ಒಂದೇ ಚಾಪೆ ಇರಬೇಕು. ಮುಂದೇನಾಗುವುದೆಂದು ತಿಳಿದಿದ್ದರೆ ಈ ಮಕ್ಕಳಿಗೆ ಧೈರ್ಯ. ಎಣ್ಣೆಯ ಬಟ್ಟಲನ್ನು ಮೊದಲು ತೋರಿಸಿ, ಮಾತಿನಲ್ಲಿ ಹೇಳಿ, ಮಗುವು ಬರುವವರೆಗೆ ಕಾಯಬೇಕು. ಮೊದಲ ದಿನಗಳಲ್ಲಿ ಎಣ್ಣೆಯೇ ಬೇಡ. ಬಟ್ಟೆಯ ಮೇಲಿನಿಂದಲೇ ಬೆನ್ನನ್ನೋ ಅಂಗಾಲನ್ನೋ ಬೆಚ್ಚಗಿನ ಅಂಗೈಯಿಂದ ಒತ್ತಿದರೆ ಸಾಕು. ಬೆರಳ ತುದಿಯಿಂದ ಕಚಗುಳಿಯಿಡುವಂತೆ ಸವರಬಾರದು. ಕೈಯೆಲ್ಲ ತಗುಲುವಂತೆ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಸಾಗಬೇಕು. ಮುಖ, ಕಿವಿ, ತಲೆಗಳು ಕಡೆಯವು. ಮಗುವಿಗೆ ಇಷ್ಟವಿಲ್ಲದಿದ್ದರೆ ಅವನ್ನು ಬಿಟ್ಟುಬಿಡಬಹುದು. ಎರಡು ನಿಮಿಷದಿಂದ ಆರಂಭಿಸಿ ೧೫ ನಿಮಿಷಕ್ಕೆ ಏರಿಸಬೇಕು. ತಾಯಿಯೊಬ್ಬಳೇ ಅಲ್ಲ, ತಂದೆಯೂ ಅಜ್ಜಿಯೂ ಇದನ್ನು ಕಲಿಯತಕ್ಕದ್ದು. ತೋಟದ ಕೆಲಸ ಮುಗಿಸಿ ಬಂದ ತಂದೆಯ ಒರಟು ಅಂಗೈಯ ಭಾರವೇ ಕೆಲವು ಮಕ್ಕಳಿಗೆ ಹಿತವಾದೀತು. ನಿದ್ರೆ, ಊಟ, ಹಟ ಇವುಗಳನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಟ್ಟರೆ, ಲಾಭವಾಯಿತೋ ಇಲ್ಲವೋ ಎಂಬುದನ್ನು ಆ ಪುಸ್ತಕವೇ ಹೇಳುವುದು.

ಮಗುವು ಬೇಡವೆಂದರೆ ನಿಲ್ಲಿಸಬೇಕು. ಬಾಯಿಂದ ಹೇಳಲಾರದೆ ಕೈ ತಳ್ಳಿದರೂ ಅದು ಬೇಡವೆಂದೇ ಅರ್ಥ. ಕೈಕಾಲು ಹಿಡಿದು ಮಾಡಿದ ಮರ್ದನವು ಮಗುವಿಗೆ ಭಯವನ್ನೇ ಕಲಿಸುವುದು. ತನ್ನ ಮೈಯ ವಿಷಯದಲ್ಲಿ ಬೇಡವೆನ್ನುವ ಹಕ್ಕು ತನಗುಂಟೆಂದು ಮನೆಯಲ್ಲಿ ಕಲಿತ ಮಗುವು, ಹೊರಗಿನವರ ದುಷ್ಟಸ್ಪರ್ಶಕ್ಕೂ ಬೇಡವೆನ್ನಲು ಕಲಿಯುವುದು. ವಯಸ್ಸು ಬಂದಂತೆ ಮಗುವಿನ ಮರ್ಯಾದೆಯನ್ನು ಇನ್ನೂ ಹೆಚ್ಚಾಗಿ ಕಾಯಬೇಕು.

ಜ್ವರವಿದ್ದಾಗ, ಗಾಯವೋ ಚರ್ಮರೋಗವೋ ಇದ್ದಾಗ, ಊಟವಾದ ಕೂಡಲೆ ಮರ್ದನ ಕೂಡದು. ಈ ಮಕ್ಕಳಲ್ಲಿ ಮೂರ್ಛೆರೋಗವು ಇತರರಿಗಿಂತ ಹೆಚ್ಚಾಗಿ ಕಾಣುವುದರಿಂದ, ಅದಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಕೊಡುತ್ತಿರುವ ಔಷಧವನ್ನು ಎಂದಿಗೂ ನಿಲ್ಲಿಸಬಾರದು. ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದು. ಕುತ್ತಿಗೆಯನ್ನು ತಿರುಚಿ ಲಟಿಕೆ ಮುರಿಯುವ ಸಾಹಸ ಬೇಡ.

ಈ ಮೂರು ತಾಲ್ಲೂಕುಗಳಿಗೆ ಈ ಶಿಕ್ಷಣವು ವಿಶೇಷವಾಗಿ ಬೇಕಾಗಿರುವುದು ಏಕೆಂದರೆ, ತಜ್ಞರು ಇರುವ ಊರು ದೂರ. ಬೆಂಗಳೂರಿನ ನಿಮ್ಹಾನ್ಸ್ ಶೃಂಗೇರಿಯಿಂದ ೩೦೦ ಕಿಲೋಮೀಟರಿಗೂ ಮೇಲ್ಪಟ್ಟ ದೂರದಲ್ಲಿದೆ. ಮಾತು ಮತ್ತು ಶ್ರವಣದ ಅಖಿಲ ಭಾರತ ಸಂಸ್ಥೆ ಇರುವುದು ಮೈಸೂರಿನಲ್ಲಿ. ಸದ್ದಿಗೆ ಹೆದರುವ ಮಗುವನ್ನು ಕರೆದುಕೊಂಡು, ಮುಂಗಾರಿನಲ್ಲಿ ಘಾಟಿಯ ದಾರಿಯನ್ನು ಬಸ್ಸಿನಲ್ಲಿ ವಾರವಾರವೂ ಕ್ರಮಿಸುವುದು ಯಾರಿಂದ ಸಾಧ್ಯ? ತೋಟದ ನಡುವಿನ ಒಂಟಿಮನೆಗಳಲ್ಲಿ ಇಂತಹ ತಾಯಂದಿರು ತಮ್ಮಂತೆ ಮತ್ತೊಬ್ಬಳು ಇರುವಳೆಂಬುದನ್ನೂ ಅರಿಯದೆ ದಿನ ಕಳೆಯಬೇಕಾಗುವುದು. ರೋಗನಿರ್ಣಯಕ್ಕೂ ವರ್ಷಕ್ಕೊಮ್ಮೆ ಎರಡು ಬಾರಿ ಪರಾಮರ್ಶೆಗೂ ದೊಡ್ಡ ಊರಿಗೆ ಹೋಗಲೇಬೇಕು. ಆದರೆ ನಿತ್ಯದ ಅಭ್ಯಾಸವು ಮನೆಯಲ್ಲಿಯೇ ನಡೆಯಬೇಕು.

ಇದು ಅಸಾಧ್ಯವಾದುದಲ್ಲ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಸ್ವಲೀನ ಮಕ್ಕಳನ್ನು ಕುರಿತು ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ತಜ್ಞರಲ್ಲದ ಆದರೆ ತರಬೇತಿ ಹೊಂದಿದ ಸ್ಥಳೀಯ ಕಾರ್ಯಕರ್ತರೇ ಮನೆಮನೆಗೆ ಹೋಗಿ ತಾಯಿತಂದೆಗಳಿಗೆ ಕಲಿಸಿದರು. ಅಲ್ಲಿ ಕಲಿಸಿದ್ದು ಅಂಗಮರ್ದನವಲ್ಲ, ಮಗುವಿನೊಡನೆ ಸ್ಪಂದಿಸುತ್ತ ಆಡುವ ರೀತಿ. ಆದರೂ ಫಲವು ಸ್ಪಷ್ಟವಾಗಿತ್ತು. ತಾಯಿತಂದೆಗಳು ಮಗುವಿನ ಇಂಗಿತಕ್ಕೆ ತಕ್ಕಂತೆ ನಡೆಯಲು ಕಲಿತರು; ಮಕ್ಕಳು ತಾವಾಗಿಯೇ ಮುಂದೆ ಬಂದು ವ್ಯವಹರಿಸುವುದು ಹೆಚ್ಚಿತು. ಇಲ್ಲಿಯೂ ಅಂಗನವಾಡಿಯವರೂ ಆಶಾ ಕಾರ್ಯಕರ್ತೆಯರೂ ಇದ್ದಾರೆ. ಮಠಗಳು ತಿಂಗಳಿಗೊಂದು ದಿನ ಸಭಾಭವನದ ಒಂದು ಶಾಂತವಾದ ಕೋಣೆಯನ್ನೂ ಮಧ್ಯಾಹ್ನದ ಪ್ರಸಾದವನ್ನೂ ಒದಗಿಸಿ, ಒಬ್ಬ ತರಬೇತಿ ಹೊಂದಿದ ಚಿಕಿತ್ಸಕರನ್ನು ಕರೆಸಿದರೆ, ಹತ್ತಾರು ತಾಯಿತಂದೆಗಳು ಒಂದೆಡೆ ಕುಳಿತು, ಮೊದಲು ಒಬ್ಬರ ಕೈಯ ಮೇಲೆ ಒಬ್ಬರು ಅಭ್ಯಾಸ ಮಾಡಿ, ಅನಂತರ ಮಕ್ಕಳ ಮೇಲೆ ಪ್ರಯೋಗಿಸಬಹುದು. ಅದಕ್ಕಿಂತಲೂ ಹೆಚ್ಚಾಗಿ, ತಾವು ಒಂಟಿಯಲ್ಲವೆಂಬ ಧೈರ್ಯವನ್ನು ಅಲ್ಲಿಂದ ಮನೆಗೆ ಕೊಂಡೊಯ್ಯಬಹುದು.

ರಾಜ್ಯಶಾಸನವೂ ಇಂದು ಈ ಮಕ್ಕಳ ಪಕ್ಷದಲ್ಲಿದೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಸ್ವಲೀನತೆಯನ್ನು ಹೆಸರಿಸಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅದನ್ನು ೨೧ ಬಗೆಯ ವೈಕಲ್ಯಗಳಲ್ಲಿ ಒಂದೆಂದು ಸೇರಿಸಿ, ಗಣನೀಯವಾದ ವೈಕಲ್ಯವಿದೆಯೆಂದು ನಿರ್ಣಯವಾದ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಶಾಲೆಗಳಲ್ಲಿಯೇ ಮಕ್ಕಳನ್ನು ಪರೀಕ್ಷಿಸಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ಏರ್ಪಾಡಿದೆ. ಮನೆಯಲ್ಲಿ ಅಂಗಮರ್ದನ ನಡೆಯುತ್ತಿದೆಯೆಂದು ಈ ಬಾಗಿಲುಗಳನ್ನು ತಟ್ಟದೆ ಇರಬಾರದು. ಮಾತಿನ ಶಿಕ್ಷಣವನ್ನೂ ಶಾಲೆಯನ್ನೂ ತಪ್ಪಿಸಬಾರದು. ಹರಕೆ ಹೊತ್ತವರು ಅದನ್ನು ತೀರಿಸಲಿ. ಆದರೆ ಅದಕ್ಕಾಗಿ ವೈದ್ಯರ ಬಳಿಗೆ ಹೋಗುವುದನ್ನು ಮುಂದಕ್ಕೆ ಹಾಕದಿರಲಿ.

ಸ್ವಲೀನ ಮಗುವು ಬೆಳೆದು ದೊಡ್ಡವನಾಗುವುದು ಸ್ವಲೀನನಾಗಿಯೇ. ಅವನನ್ನು ಬೇರೊಬ್ಬನನ್ನಾಗಿ ಮಾಡುವ ಕೈ ಎಲ್ಲಿಯೂ ಇಲ್ಲ. ಅವನು ಇದ್ದಂತೆಯೇ ಅವನಿಗೆ ನಿರ್ಭಯವಾದ ಆಶ್ರಯವಾಗುವ ಕೈಯನ್ನು ಮಾತ್ರ ಅಭ್ಯಾಸದಿಂದ ಪಡೆಯಬಹುದು. ಆ ಅಭ್ಯಾಸಕ್ಕೆ ಬೇಕಾದುದು ದಿನಕ್ಕೆ ಕಾಲು ಗಂಟೆ, ಒಂದು ಚಾಪೆ, ಸ್ವಲ್ಪ ಎಣ್ಣೆ, ಬಹಳ ತಾಳ್ಮೆ. ಈ ಮೂರು ತಾಲ್ಲೂಕುಗಳ ತಾಯಿತಂದೆಗಳಿಗೆ ಆ ತಾಳ್ಮೆಯೂ, ಅವರ ನೆರೆಹೊರೆಯವರಿಗೆ ಅಪವಾದವನ್ನು ಬಿಟ್ಟು ಸಹಾಯಕ್ಕೆ ನಿಲ್ಲುವ ಬುದ್ಧಿಯೂ ಲಭಿಸಲಿ.