ತಲೆಹೊಟ್ಟು ಕೊಳೆಯಲ್ಲ

(ಕಲಿಕಾ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯೊಬ್ಬರು ಆಡಿದ ಮಾತು)



ಹೋದ ಸಲ ನಾನು ಬಂದಾಗ ಒಬ್ಬ ತಂಗಿ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. “ಮುಂದೆ ಬಾರಮ್ಮ, ಇಲ್ಲಿ ಬೆಳಕಿದೆ” ಅಂದೆ. ಬರಲಿಲ್ಲ. ಆಮೇಲೆ ಕಿವಿಯಲ್ಲಿ ಹೇಳಿದಳು: “ತಲೇಲಿ ಹೊಟ್ಟು ಅಕ್ಕಾ. ಕೊಳಕಿ ಅಂತಾರೆ. ಪಕ್ಕ ಕೂತರೆ ಅಂಟುತ್ತೆ ಅಂತಾರೆ.” ಅದಕ್ಕೇ ಇವತ್ತು ಈ ಮಾತು.

ತಲೆಹೊಟ್ಟು ಅಂಟುರೋಗ ಅಲ್ಲ. ಕೊಳೆಯೂ ಅಲ್ಲ. ನಮ್ಮೆಲ್ಲರ ನೆತ್ತಿಯ ಮೇಲೆ ಕಣ್ಣಿಗೆ ಕಾಣದ ಒಂದು ಬಗೆಯ ಬೂಷ್ಟು ಇರುತ್ತದೆ. ನನ್ನ ತಲೆಯಲ್ಲೂ ಇದೆ. ನೆತ್ತಿಯ ಜಿಡ್ಡೇ ಅದರ ಊಟ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಆಗ ಕೆರೆತ ಬರುತ್ತದೆ. ಚರ್ಮ ಬೇಗ ಬೇಗ ಉದುರುತ್ತದೆ.

ನಾವೇನು ಮಾಡ್ತೀವಿ? “ತಲೆ ಒಣಗಿದೆ” ಅಂತ ಇನ್ನೂ ಎಣ್ಣೆ ಸುರೀತೀವಿ. ವಾರಗಟ್ಟಲೆ ಹಾಗೇ ಬಿಡ್ತೀವಿ. ಬೂಷ್ಟಿಗೆ ಹಬ್ಬದೂಟ! ಎಣ್ಣೆಯೇ ಬೇಡ ಅಂತ ನಾನು ಹೇಳೋದಿಲ್ಲ. ಹೇಳಿದರೆ ಇಲ್ಲಿರೋ ಅಜ್ಜಿಯರು ಸುಮ್ಮನಿರುತ್ತಾರೆಯೇ? ಹೊಟ್ಟು ಗಟ್ಟಿಯಾಗಿ ಅಂಟಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ. ಒಂದು ಗಂಟೆ ಬಿಟ್ಟು ತೊಳೆದುಬಿಡಿ.

ಮೊದಲು ಅದು ಹೊಟ್ಟೋ ಸೀರೋ ನೋಡಿ. ಬೆರಳಿನಿಂದ ತಳ್ಳಿ. ಹೊಟ್ಟಾದರೆ ಉದುರುತ್ತದೆ. ಸೀರು ಕೂದಲನ್ನು ಕಚ್ಚಿಕೊಂಡಿರುತ್ತದೆ. ಸೀರಿಗೆ ಸೀರಣಿಗೆಯೇ ಬೇಕು.

ಹೊಟ್ಟಿದ್ದವರು ವಾರಕ್ಕೆ ಎರಡು ಸಲ ತಲೆ ತೊಳೆಯಿರಿ. ಉಗುರು ತಾಗಿಸಬೇಡಿ, ಬೆರಳ ತುದಿಯಿಂದ ತಿಕ್ಕಿ. ಸೀಗೆಪುಡಿಯಲ್ಲಿ ಕಡಿಮೆಯಾಗದಿದ್ದರೆ ಔಷಧದ ಶಾಂಪೂ ಇದೆ. ಹೆಸರು ಸ್ವಲ್ಪ ಉದ್ದ. ಜೊತೆಯಾಗಿ ಓದೋಣ: ಕೀ-ಟೋ-ಕೊ-ನ-ಜೋಲ್. ಚೀಟಿಯಲ್ಲಿ ನೀವೇ ಬರೆದುಕೊಳ್ಳಿ. ಪಕ್ಕದಲ್ಲಿ ‘ಶೇಕಡಾ 2’ ಅಂತ ಬರೆಯಿರಿ. ಔಷಧಿ ಅಂಗಡಿಯಲ್ಲಿ ತೋರಿಸಿ. ಸೀಸೆಯ ಮೇಲಿನ ತಾರೀಖು ಮೀರಿದೆಯೇ ನೋಡಿ. ಅಂಕಿ ಓದೋಕೆ ಈಗ ಬರುತ್ತಲ್ಲ!

ಅದನ್ನು ಒದ್ದೆ ನೆತ್ತಿಗೆ ಹಚ್ಚಿ 5 ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ನೀರಿಗೆ ಹೋದ ಹಾಗೆ. ವಾರಕ್ಕೆ 2 ಸಲದಂತೆ 4 ವಾರ ಹಚ್ಚಿ. ಬಸುರಿಯರು ಡಾಕ್ಟರನ್ನು ಕೇಳಿ ಬಳಸಿ. ಹೊಟ್ಟು ಮತ್ತೆ ಬರಬಹುದು, ಹೆದರಬೇಡಿ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಹಚ್ಚಿದರೆ ಹತೋಟಿಯಲ್ಲಿರುತ್ತದೆ.

ನಾನು ಚಿಕ್ಕವಳಿದ್ದಾಗ ನಮ್ಮವ್ವ ನನ್ನ ತಲೆಗೆ ಸೀಮೆಎಣ್ಣೆ ಹಚ್ಚಿದ್ದಳು. ಪ್ರೀತಿಯಿಂದಲೇ. ನೆತ್ತಿಯೆಲ್ಲ ಬೊಬ್ಬೆ ಎದ್ದಿತು. ಒಲೆ ಮುಂದೆ ಕೂತಿದ್ದರೆ ನನ್ನ ಗತಿ ಏನು? ಸೀಮೆಎಣ್ಣೆ ಬೇಡವೇ ಬೇಡ. ಸೋಡಾಪುಡಿಯೂ ಬೇಡ. ಕೆರೆದು ಗಾಯವಾದ ನೆತ್ತಿಗೆ ನಿಂಬೆರಸವೂ ಉರಿ.

ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದು ಅಂಟುತ್ತದೆ. ಅದಕ್ಕೆ ಹಚ್ಚುವ ಮದ್ದು ಸಾಲದು, ನುಂಗುವ ಮಾತ್ರೆ ಬೇಕು. ಡಾಕ್ಟರಿಗೆ ತೋರಿಸಿ. ನೆತ್ತಿಯಲ್ಲಿ ಕೀವಾದರೂ ತೋರಿಸಿ. ಕೂದಲಿಗೆ ಬಣ್ಣ ಹಚ್ಚಿದ ಮೇಲೆ ಮುಖ ಊದಿದರೆ ಆಸ್ಪತ್ರೆಗೆ ಓಡಿ.

ಸರಿ, ಬಳಪ ಯಾರ ಹತ್ತಿರ ಇದೆ? ಆ ಉದ್ದದ ಹೆಸರನ್ನು ಹಲಗೆಯ ಮೇಲೆ ಒಬ್ಬರು ಬರೆಯಿರಿ. ತಂಗೀ, ನೀನೇ ಬಾ ಮುಂದೆ.