ಮೆಕ್ಸಿಕೋ ರಸ್ತೆಗಳಲ್ಲಿ ಮೂವರು ಕೃಷಿ ವಿಜ್ಞಾನಿಗಳು
(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



1966ರಲ್ಲಿ ಭಾರತವು ಮೆಕ್ಸಿಕೋ ದೇಶದಿಂದ 18,000 ಟನ್ ಗಿಡ್ಡ ಗೋಧಿಯ ಬೀಜವನ್ನು ತರಿಸಿಕೊಂಡ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಬೀಜದ ಹಿಂದೆ, ಅದಕ್ಕೂ 25 ವರ್ಷ ಮೊದಲು ನಡೆದ ಒಂದು ಮೋಟಾರು ಪ್ರಯಾಣವಿದೆ. ಅದರ ಕಥೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1940ರ ಡಿಸೆಂಬರಿನಲ್ಲಿ ಹೆನ್ರಿ ವ್ಯಾಲೇಸ್ ಅವರು ಮೆಕ್ಸಿಕೋದ ಹೊಸ ಅಧ್ಯಕ್ಷರ ಪದಗ್ರಹಣಕ್ಕೆ ಹೋಗಿದ್ದರು. ಆಗ ತಾನೇ ಅಮೆರಿಕದ ಉಪಾಧ್ಯಕ್ಷರಾಗಿ ಆಯ್ಕೆಯಾಗಿದ್ದರೂ ಅವರು ಮೂಲತಃ ಮುಸುಕಿನ ಜೋಳದ ತಳಿ ಬೆಳೆಸಿದವರು, ಹೈಬ್ರಿಡ್ ಬೀಜದ ಕಂಪನಿ ಕಟ್ಟಿದವರು. ಮೆಕ್ಸಿಕೋದ ಹೊಲಗಳನ್ನು ನೋಡಿ ಹಿಂದಿರುಗಿ, ಅಲ್ಲಿ ಮುಸುಕಿನ ಜೋಳ ಮತ್ತು ಬೀನ್ಸ್ ಬೆಳೆಗಳ ಇಳುವರಿ ಹೆಚ್ಚಿಸುವುದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲವೆಂದು ರಾಕ್‌ಫೆಲರ್ ಪ್ರತಿಷ್ಠಾನದವರಿಗೆ ಹೇಳಿದರು. ಪ್ರತಿಷ್ಠಾನವು ಒಮ್ಮೆಲೇ ಹಣ ಸುರಿಯಲಿಲ್ಲ. ಮೊದಲು ನೋಡಿಕೊಂಡು ಬನ್ನಿ ಎಂದು ಮೂವರನ್ನು ಕಳುಹಿಸಿತು.

ಕಾರ್ನೆಲ್ ವಿಶ್ವವಿದ್ಯಾನಿಲಯದ ರಿಚರ್ಡ್ ಬ್ರಾಡ್‌ಫೀಲ್ಡ್ ಮಣ್ಣಿನ ತಜ್ಞರು. ಹಾರ್ವರ್ಡ್‌ನ ಪಾಲ್ ಮ್ಯಾಂಗಲ್ಸ್‌ಡಾರ್ಫ್ ಮುಸುಕಿನ ಜೋಳದ ಹುಟ್ಟನ್ನೇ ಹುಡುಕುತ್ತಿದ್ದವರು. ಮಿನ್ನೆಸೋಟದ ಎಲ್ವಿನ್ ಸ್ಟಾಕ್‌ಮನ್ ಗೋಧಿಯ ತುಕ್ಕು ರೋಗದ ತಜ್ಞರು, ಮೂವರಲ್ಲಿ ಹಿರಿಯರು. 1941ರ ಬೇಸಿಗೆ ರಜೆಯಲ್ಲಿ ಈ ಮೂವರು ಒಂದು ಸ್ಟೇಷನ್ ವ್ಯಾಗನ್ ಗಾಡಿಯಲ್ಲಿ ಹೊರಟು ಸುಮಾರು 5,000 ಮೈಲಿ ಸುತ್ತಿದರು. ಅಮೆರಿಕದಲ್ಲಿ ಬೇಸಿಗೆಯಾದ ಆ ತಿಂಗಳುಗಳು ಮೆಕ್ಸಿಕೋದ ನಡುನಾಡಿಗೆ ಮಳೆಗಾಲ. ಬೆಳೆ ಹೊಲದಲ್ಲೇ ನಿಂತಿರುವ ಕಾಲ. ಬೇಸಾಯ ನೋಡಲು ಹೋಗುವವರು ಅಂಥ ಕಾಲದಲ್ಲೇ ಹೋಗಬೇಕು.

ಅವರು ಕಂಡ ಬೇಸಾಯ ನಮಗೇನೂ ಅಪರಿಚಿತವಲ್ಲ. ಎತ್ತು, ಮರದ ನೇಗಿಲು, ಮಳೆಯನ್ನೇ ನಂಬಿದ ತುಂಡು ಭೂಮಿ. ಮುಸುಕಿನ ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬಿಸಿ, ನೆಲದ ಮೇಲೆ ಕುಂಬಳ ಬಿಡುವ ಮಿಶ್ರ ಬೆಳೆ ಅಲ್ಲಿಯದು; ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ರೊಟ್ಟಿ ಮಾಡಿ ತಿನ್ನುತ್ತಾರೆ. ಕಡಿದಾದ ಇಳುಕಲಿನಲ್ಲೂ ಉಳುಮೆ ನಡೆದು ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿ ಹೋಗುತ್ತಿತ್ತು. 1934ರಿಂದ 1940ರವರೆಗೆ ಅಧ್ಯಕ್ಷ ಕಾರ್ಡೆನಾಸ್ ಸರ್ಕಾರ ಸುಮಾರು 1.8 ಕೋಟಿ ಹೆಕ್ಟೇರ್ ಜಮೀನನ್ನು ಹಂಚಿತ್ತು. ಭೂಮಿಯೇನೋ ಸಿಕ್ಕಿತ್ತು, ಆದರೆ ಅದರ ಸಾರ ಎಷ್ಟೋ ಕಡೆ ಹೋಗಿಬಿಟ್ಟಿತ್ತು.

ಅವರ ವರದಿಯಲ್ಲಿ ಸಮಸ್ಯೆಗಳ ಸಾಲು ಹೀಗಿತ್ತು: ಮೊದಲು ಮಣ್ಣಿನ ನಿರ್ವಹಣೆ ಮತ್ತು ಉಳುಮೆ, ಎರಡನೆಯದು ತಳಿ, ಮೂರನೆಯದು ರೋಗ ಮತ್ತು ಕೀಟ, ಆಮೇಲೆ ಜಾನುವಾರು. ಮೂವರಲ್ಲಿ ಒಬ್ಬರು ತಳಿ ತಜ್ಞರು, ಒಬ್ಬರು ರೋಗ ತಜ್ಞರು. ಆದರೂ ಮಣ್ಣೇ ಮೊದಲೆಂದು ಮೂವರೂ ಒಪ್ಪಿದರು ಎಂಬುದು ಗಮನಿಸತಕ್ಕ ಮಾತು.

ವಿಸ್ತರಣಾ ಕಾರ್ಯಕರ್ತರಿಗೆ ಸ್ವಲ್ಪ ಕಹಿಯೆನಿಸುವ ಮಾತೂ ಆ ವರದಿಯಲ್ಲಿತ್ತು. ಮೊದಲೇ ವಿಸ್ತರಣೆ ಆರಂಭಿಸಿದರೆ ರೈತನ ಬಳಿಗೆ ಒಯ್ಯಲು ಅಲ್ಲಿಯ ನೆಲದಲ್ಲಿ ಪರೀಕ್ಷೆಯಾದ ವಿಷಯ ಹೆಚ್ಚೇನೂ ಇಲ್ಲ. ಆದ್ದರಿಂದ ಮೊದಲು ಸಂಶೋಧನೆ, ಅದರ ಜೊತೆಗೆ ಆ ದೇಶದ ಯುವಕರಿಗೆ ತರಬೇತಿ, ವಿಸ್ತರಣೆ ಆಮೇಲೆ ಎಂದರು. ಬರಿಗೈಯಲ್ಲಿ ಹೋಗುವ ಗ್ರಾಮಸೇವಕನ ಮಾತನ್ನು ರೈತ ಎಷ್ಟು ದಿನ ಕೇಳಿಯಾನು?

ಮೂವರು ಹೊರಡುವ ಮೊದಲೇ ಇನ್ನೊಬ್ಬರು ಬೇರೆ ಎಚ್ಚರಿಕೆ ಕೊಟ್ಟಿದ್ದರು. ಮೆಕ್ಸಿಕೋವನ್ನು ಬಹಳ ವರ್ಷ ಕಾಲ್ನಡಿಗೆಯಲ್ಲೂ ಕಂಡಿದ್ದ ಭೂಗೋಳ ವಿದ್ವಾಂಸ ಕಾರ್ಲ್ ಸಾವರ್ ಅವರು, ಅಮೆರಿಕದ ತಜ್ಞರು ತಮ್ಮ ವ್ಯಾಪಾರಿ ತಳಿಗಳನ್ನು ಅಲ್ಲಿ ನುಗ್ಗಿಸಿದರೆ ಸ್ಥಳೀಯ ತಳಿ ಸಂಪತ್ತು ಶಾಶ್ವತವಾಗಿ ಹಾಳಾದೀತೆಂದು 1941ರ ಫೆಬ್ರವರಿಯಲ್ಲೇ ಪ್ರತಿಷ್ಠಾನಕ್ಕೆ ಬರೆದಿದ್ದರು. ಈ ಭಯ ಅರ್ಧ ಸುಳ್ಳಾಯಿತು. ಮುಂದೆ ಅಲ್ಲಿಗೆ ಹೋದ ತಳಿ ತಜ್ಞರು ಹೊರಗಿನ ಬೀಜವನ್ನು ಹೇರುವ ಬದಲು ರೈತರ ಮನೆಯ ತೆನೆಗಳನ್ನೇ ಊರೂರು ಸುತ್ತಿ ಸಂಗ್ರಹಿಸಿದರು. ವೆಲ್‌ಹೌಸನ್, ಎರ್ನಾಂಡೆಸ್ ಮುಂತಾದವರು ಮ್ಯಾಂಗಲ್ಸ್‌ಡಾರ್ಫ್ ಅವರೊಂದಿಗೆ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಲ್ಲಿಯ ಮುಸುಕಿನ ಜೋಳದ 25 ಪಂಗಡಗಳ ವಿವರವಿದೆ. ಸಾವರ್ ಅವರ ಭಯದ ಉಳಿದರ್ಧದ ವಿಷಯ ಮುಂದೆ ಬರುತ್ತದೆ.

ಗೋಧಿಯ ಕಥೆ ನಿಮಗೆ ತಿಳಿದದ್ದೇ. 1943ರಲ್ಲಿ ಜಾರ್ಜ್ ಹ್ಯಾರರ್, 1944ರಲ್ಲಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋಗೆ ಹೋದರು. ಇಬ್ಬರೂ ಸ್ಟಾಕ್‌ಮನ್ ಅವರ ಶಿಷ್ಯರು. ತುಕ್ಕು ರೋಗ ತಡೆಯುವ ತಳಿಗಳು ಬಂದವು. 1956ರ ಹೊತ್ತಿಗೆ ಮೆಕ್ಸಿಕೋ ಗೋಧಿಯಲ್ಲಿ ಸ್ವಾವಲಂಬಿಯಾಯಿತು. ಅದು ಬಹುಪಾಲು ನೀರಾವರಿ ಜಮೀನಿನ, ಬಂಡವಾಳವುಳ್ಳ ಬೇಸಾಯಗಾರರ ಗೆಲುವು.

ಮುಸುಕಿನ ಜೋಳದಲ್ಲಿ ಹಾಗಾಗಲಿಲ್ಲ. ಅದನ್ನು ಬೆಳೆಯುತ್ತಿದ್ದವರು ಹೆಚ್ಚಾಗಿ ಮಳೆಯಾಶ್ರಿತ ಸಣ್ಣ ಹಿಡುವಳಿದಾರರು. ಹೈಬ್ರಿಡ್ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು; ಗೋಧಿಯಂತೆ ಮನೆಯ ಕಣಜದಿಂದ ತೆಗೆದು ಬಿತ್ತಿದರೆ ಇಳುವರಿ ಕುಸಿಯುತ್ತದೆ. ಒಂದೊಂದು ಕಣಿವೆಗೂ ಮಳೆ, ಎತ್ತರ, ಹಿಮದ ಕಾಟ ಬೇರೆ ಬೇರೆ. ಮೂವರು ಗಾಡಿ ನಿಲ್ಲಿಸಿ ನೋಡಿದ್ದ ತುಂಡು ಹೊಲಗಳವರಿಗೆ ದೊರೆತ ಲಾಭ ಅಲ್ಪ.

1967ರಲ್ಲಿ ಈ ಮೂವರೂ ಸೇರಿ ತಮ್ಮ ಅನುಭವವನ್ನು ಒಂದು ಪುಸ್ತಕವಾಗಿ ಪ್ರಕಟಿಸಿದರು. ಅದೇ ವರ್ಷ ಮೆಕ್ಸಿಕೋದ ಪ್ವೆಬ್ಲಾ ಕಣಿವೆಯಲ್ಲಿ ಸಣ್ಣ ರೈತರಿಗಾಗಿಯೇ ಒಂದು ಯೋಜನೆ ಆರಂಭವಾಯಿತು. ಪ್ರಯೋಗಗಳನ್ನು ಕೇಂದ್ರದಲ್ಲಿ ಮಾಡದೆ ರೈತರ ಹೊಲದಲ್ಲೇ ಹೂಡಿದರು. ಅಲ್ಲಿ ಸುಧಾರಿತ ತಳಿಗಳಿಗೆ ನಾಡ ತಳಿಗಳು ಏನೂ ಕಡಿಮೆಯಾಗಲಿಲ್ಲ. ಹಾಗಾಗಿ ಬೀಜ ಬದಲಿಸಿ ಎಂದು ಹೇಳಲು ಆಧಾರವೇ ಇರಲಿಲ್ಲ. ಸಾರಜನಕ ಗೊಬ್ಬರ ಹೆಚ್ಚಿಸಿ, ಅದನ್ನು ಕಂತುಗಳಲ್ಲಿ ಕೊಡಿ, ಎಕರೆಗೆ ಸಸಿಗಳ ಸಂಖ್ಯೆ ಹೆಚ್ಚಿಸಿ ಎಂಬುದೇ ಶಿಫಾರಸಾಯಿತು; ಸಾಲಕ್ಕಾಗಿ ರೈತರ ಗುಂಪುಗಳನ್ನು ಕಟ್ಟಿದರು.

ಆ ಮೊದಲ ಶಿಫಾರಸು ಒಂಟಿ ಬೆಳೆಗೆ ಬರೆದದ್ದು. ಅನೇಕ ರೈತರು ಅದನ್ನು ಪೂರ್ತಿ ಒಪ್ಪದೆ, ಜೋಳದ ಸಾಲಿನಲ್ಲಿ ಬೀನ್ಸ್ ಹಾಕುವುದನ್ನು ಮುಂದುವರಿಸಿದರು. ಕೊನೆಗೆ ವಿಜ್ಞಾನಿಗಳೇ ಆ ಮಿಶ್ರ ಬೆಳೆಯ ಮೇಲೆ ಪ್ರಯೋಗ ನಡೆಸಿದಾಗ, ಜೋಳವೊಂದನ್ನೇ ಬೆಳೆಯುವುದಕ್ಕಿಂತ ಅದರ ನಿವ್ವಳ ಆದಾಯ ಹೆಚ್ಚೆಂದು ಕಂಡುಬಂತು. ಆಮೇಲೆ ಅದಕ್ಕೂ ಗೊಬ್ಬರದ ಪ್ರಮಾಣ, ಸಾಲಿನ ಅಂತರ ಗೊತ್ತುಮಾಡಿ ಹೊಸ ಶಿಫಾರಸು ಬರೆದರು.